ಗುರುವಂದನೆ ಮಾಡ್ತೀರಾ? ಶಾಲು ಕೊಳ್ಳುವ ಮೊದಲು ಒಂದು ಪುಟ ಬರೆಯಿರಿ

ಪ್ರಶ್ನೆ: ನಾವು ಹಾಸನ ಜಿಲ್ಲೆಯ ಒಂದು ಹೋಬಳಿ ಕೇಂದ್ರದ ಸರ್ಕಾರಿ ಪ್ರೌಢಶಾಲೆಯಲ್ಲಿ 1996ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು. ವಾಟ್ಸಾಪ್ ಗುಂಪಿನಲ್ಲಿ 40ಕ್ಕೂ ಜಾಸ್ತಿ ಜನ ಇದ್ದೇವೆ. ನಮಗೆ ಪಾಠ ಹೇಳಿದ ಶಿಕ್ಷಕರಿಗೆ ಗುರುವಂದನೆ ಮಾಡಬೇಕು ಅಂತ ಸುಮಾರು 2 ಲಕ್ಷ ರೂಪಾಯಿ ಕೂಡಿಸಿದ್ದೇವೆ. ಗಣಿತದ ಮೇಷ್ಟ್ರು ಮತ್ತು ಕನ್ನಡ ಟೀಚರ್ ನಮಗಾಗಿ ತುಂಬ ಕಷ್ಟಪಟ್ಟವರು. ಮೇಷ್ಟ್ರಿಗೆ ಈಗ 78 ವರ್ಷ. ಅವರಿಬ್ಬರನ್ನು ಮಾತ್ರ ಸನ್ಮಾನಿಸಬೇಕಾ, ಎಲ್ಲರನ್ನೂ ಕರೆಯಬೇಕಾ? ಶಾಲು, ಪೇಟ, ಹಾರ ಬಿಟ್ಟು ಅರ್ಥ ಇರುವಂಥದ್ದು ಏನು ಮಾಡಬಹುದು? ಈಗ ಅದೇ ಶಾಲೆಯಲ್ಲಿರುವ ಒಬ್ಬ ವಿಜ್ಞಾನ ಶಿಕ್ಷಕಿ ಬಹಳ ಚೆನ್ನಾಗಿ ಕೆಲಸ ಮಾಡುತ್ತಿದ್ದಾರೆ. ಅವರಿಗೆ ಸರ್ಕಾರದ ಪ್ರಶಸ್ತಿ ಬರುವಂತೆ ನಾವೇನಾದರೂ ಮಾಡಬಹುದಾ?

ಉತ್ತರ: ನಿಮ್ಮ ಪ್ರಶ್ನೆ ಓದಿ ತುಂಬ ಖುಷಿಯಾಯಿತು. ನಾನು ಹೈಸ್ಕೂಲಿನಲ್ಲಿ ಪಾಠ ಮಾಡಿ, ಮುಖ್ಯಶಿಕ್ಷಕನಾಗಿ ನಿವೃತ್ತನಾದವನು. ಆಮೇಲೆ ಸುತ್ತಮುತ್ತಲ ಊರುಗಳ ಹಳೆಯ ವಿದ್ಯಾರ್ಥಿಗಳು ಇಂಥ ಕಾರ್ಯಕ್ರಮ ಮಾಡುವಾಗ ಸಲಹೆ ಕೇಳಲು ಬರುತ್ತಾರೆ. ಹಾಗಾಗಿ ವೇದಿಕೆಯ ಮೇಲೆ ಕೂತವರ ಮನಸ್ಸೂ ಗೊತ್ತು, ಕೆಳಗೆ ಓಡಾಡಿ ಬೆವರು ಸುರಿಸುವವರ ಕಷ್ಟವೂ ಗೊತ್ತು.

ಮೊದಲು ಯಾರನ್ನು ಕರೆಯಬೇಕು ಅನ್ನೋದು. ಎಲ್ಲರನ್ನೂ ಕರೆಯಿರಿ. ಶಾಲು ಹೊದಿಸುವುದಾದರೆ ಎಲ್ಲರಿಗೂ ಒಂದೇ ಬೆಲೆಯ ಶಾಲು. ಮೂರೇ ತಿಂಗಳು ಇದ್ದು ವರ್ಗವಾಗಿ ಹೋದವರು, ಪಿಟಿ ಮೇಷ್ಟ್ರು, ಗುಮಾಸ್ತರು, ಬೆಲ್ ಹೊಡೆಯುತ್ತಿದ್ದ ಜವಾನರು, ಎಲ್ಲರೂ ಬರಲಿ. ಇಬ್ಬರನ್ನೇ ಆರಿಸಿದರೆ ಉಳಿದವರಿಗೆ ನೋವಾಗುತ್ತದೆ, ಅದಕ್ಕಿಂತ ಹೆಚ್ಚಾಗಿ ಆ ಇಬ್ಬರಿಗೇ ಮುಜುಗರವಾಗುತ್ತದೆ. ಮನಸ್ಸಿಟ್ಟು ಪಾಠ ಮಾಡಿದವರು ಸಾಮಾನ್ಯವಾಗಿ ಸಹೋದ್ಯೋಗಿಗಳ ಮುಂದೆ ದೊಡ್ಡವರಾಗಲು ಇಷ್ಟಪಡುವುದಿಲ್ಲ. ಹಾಗಂತ ಅವರು ಮಾಡಿದ್ದನ್ನು ಹೇಳದೆ ಬಿಡಬೇಡಿ. ಶಾಲು ಎಲ್ಲರಿಗೂ ಒಂದೇ ಇರಲಿ, ಮಾತು ಮಾತ್ರ ಒಬ್ಬೊಬ್ಬರಿಗೂ ಬೇರೆ ಬೇರೆ ಇರಲಿ. ಯಾರ ಬಗ್ಗೆ ಹೇಳಲು ಜಾಸ್ತಿ ಇದೆಯೋ ಅದು ತಾನಾಗೇ ಗೊತ್ತಾಗುತ್ತದೆ.

ಮಾತು ಅಂದೆ ಅಲ್ವಾ, ನನ್ನ ಪ್ರಕಾರ ಇಡೀ ಕಾರ್ಯಕ್ರಮದ ಜೀವ ಅದರಲ್ಲೇ ಇರುವುದು. ನಮ್ಮ ಕಡೆ ಸನ್ಮಾನ ಪತ್ರ ಹೇಗಿರುತ್ತದೆ ಅಂತ ನಿಮಗೂ ಗೊತ್ತು. 'ಸರಳ ಸಜ್ಜನಿಕೆಯ, ಶಿಸ್ತಿನ ಸಿಪಾಯಿ, ವಿದ್ಯಾರ್ಥಿಗಳ ಪಾಲಿನ ದಾರಿದೀಪ' ಅಂತ ಶುರುವಾಗಿ 'ಆಯುರಾರೋಗ್ಯ ಕರುಣಿಸಲಿ' ಅಂತ ಮುಗಿಯುತ್ತದೆ. ಡಿಟಿಪಿ ಅಂಗಡಿಯವರ ಬಳಿ ಅದು ತಯಾರಾಗೇ ಇರುತ್ತದೆ, ಹೆಸರು ಬದಲಾಯಿಸಿ ಫ್ರೇಮ್ ಹಾಕಿಸಿದರೆ ಆಯಿತು. ಅದನ್ನು ಓದುವಾಗ ಶಿಕ್ಷಕರು ತಲೆ ತಗ್ಗಿಸಿ ಕೂತಿರುತ್ತಾರೆ. ಅದರಲ್ಲಿ ಅವರು ಎಲ್ಲೂ ಇರುವುದಿಲ್ಲ. ಮೂವತ್ತು ವರ್ಷ ಮಾಡಿದ ಕೆಲಸದಲ್ಲಿ ಯಾವುದು ಯಾರಿಗೆ ತಲುಪಿತು ಅನ್ನೋದು ಒಬ್ಬ ಶಿಕ್ಷಕನಿಗೆ ಗೊತ್ತಾಗುವುದೇ ಇಲ್ಲ. ಮಕ್ಕಳು ಹತ್ತನೇ ಕ್ಲಾಸ್ ಮುಗಿಸಿ ಟಿಸಿ ತೆಗೆದುಕೊಂಡು ಹೋಗಿಬಿಡುತ್ತಾರೆ, ಜೂನ್ ಬಂದರೆ ಎಂಟನೇ ಕ್ಲಾಸಿಗೆ ಹೊಸ ಮುಖಗಳು. ನೀವು ಅವರಿಗೆ ಕೊಡಬಹುದಾದ ಅತಿ ದೊಡ್ಡ ಉಡುಗೊರೆ ಅಂದರೆ ಆ ಉತ್ತರ.

ಆದ್ದರಿಂದ ಹೀಗೆ ಮಾಡಿ. ಗುಂಪಿನಲ್ಲಿರುವ ಪ್ರತಿಯೊಬ್ಬರಿಗೂ ಒಂದು ಪುಟ ಬರೆಯಲು ಹೇಳಿ. ಕೈಬರಹದಲ್ಲೇ ಬರೆಯಲಿ. ಒಬ್ಬ ಶಿಕ್ಷಕರು, ಅವರು ಮಾಡಿದ ಒಂದು ಕೆಲಸ, ಅಷ್ಟೇ. ಹೊಗಳಿಕೆ ಬೇಡ, ಏನು ನಡೆಯಿತು ಅದನ್ನು ಬರೆಯಲಿ. ನನಗೆ ತಿಳಿದ ಒಂದು ಬ್ಯಾಚಿನಲ್ಲಿ ಲಾರಿ ಡ್ರೈವರ್ ಆಗಿರುವ ಒಬ್ಬರು ಬರೆದ ಪುಟವನ್ನು ಓದಿದ್ದೆ. ಟೆಸ್ಟಿನಲ್ಲಿ ಅವರಿಗೆ 25ಕ್ಕೆ 4 ಬಂದಿತ್ತಂತೆ. ಮೇಷ್ಟ್ರು ಆ ಲೆಕ್ಕದ ಪಕ್ಕ ಕೆಂಪು ಪೆನ್ನಿನಲ್ಲಿ 'ಇಲ್ಲಿ ಮೈನಸ್ ಬಿಟ್ಟಿದ್ದೀಯ, ಉಳಿದ ಹೆಜ್ಜೆ ಎಲ್ಲ ಸರಿ, ನಿನಗೆ ಲೆಕ್ಕ ಬರುತ್ತೆ' ಅಂತ ಬರೆದಿದ್ದರು. 'ನಂಗೆ ಬರಲ್ಲ ಅಂತ ಎಲ್ಲರೂ ಹೇಳ್ತಿದ್ರು ಸಾರ್, ಬರುತ್ತೆ ಅಂದಿದ್ದು ನೀವೊಬ್ರೇ. ಈಗ ಡೀಸೆಲ್ ಲೆಕ್ಕ, ಬಾಡಿಗೆ ಲೆಕ್ಕ ಎಲ್ಲ ನಾನೇ ಬರೀತೀನಿ' ಅಂತ ಅವರು ಮುಗಿಸಿದ್ದರು. ಬಹಳ ತಪ್ಪಿದ್ದ ಕಾಗುಣಿತದಲ್ಲಿ, ಉದ್ದ ಗೆರೆಯ ಹಾಳೆಯ ಮೇಲೆ. ಆ ಮೇಷ್ಟ್ರು ಅದನ್ನು ಎರಡು ಸಲ ಓದಿಕೊಂಡು, ಮಡಚಿ ಅಂಗಿ ಜೇಬಿಗೆ ಹಾಕಿಕೊಂಡರು. ಸ್ಮರಣಿಕೆಯನ್ನು ಮಗನ ಕೈಗೆ ಕೊಟ್ಟರು.

ಇಂಥ ಪುಟಗಳನ್ನೆಲ್ಲ ಸೇರಿಸಿ ಒಬ್ಬೊಬ್ಬ ಶಿಕ್ಷಕರಿಗೂ ಒಂದು ಬೈಂಡ್ ಮಾಡಿಸಿ. ಖರ್ಚು ಕೆಲವು ನೂರು ರೂಪಾಯಿ. ಬರೆಯಲು ಬಾರದವರು, ಬರೆಯಲು ಸಂಕೋಚ ಇರುವವರು ಫೋನಿನಲ್ಲಿ ಹೇಳಲಿ, ಬೇರೆಯವರು ಬರೆದುಕೊಳ್ಳಲಿ. ವಿದೇಶದಲ್ಲಿರುವವರು ವಾಯ್ಸ್ ಮೆಸೇಜ್ ಕಳಿಸಿದರೂ ಆಯಿತು, ಆದರೆ ಅದನ್ನೂ ಕಾಗದಕ್ಕೆ ಇಳಿಸಿ. ವಯಸ್ಸಾದವರಿಗೆ ಫೋನಿನಲ್ಲಿ ಹುಡುಕಿ ಕೇಳುವುದು ಕಷ್ಟ, ಕಾಗದ ಆದರೆ ದಿಂಬಿನ ಪಕ್ಕ ಇರುತ್ತದೆ. ವೇದಿಕೆಯಲ್ಲಿ ಓದಲು ಒಬ್ಬ ಶಿಕ್ಷಕರಿಗೆ ಒಂದು ಪುಟ ಆರಿಸಿ. ಬರೆದವರೇ ಓದಲಿ. ನಿರೂಪಕರು ಬೇಡ.

ಇನ್ನೊಂದು ಮುಖ್ಯ ವಿಷಯ. ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಯಾರಿದ್ದಾರೆ ಅಂತ ಒಮ್ಮೆ ನೋಡಿ. ಬಹುಶಃ ಪಾಸಾದವರು, ಕೆಲಸದಲ್ಲಿರುವವರು, ಬೆಂಗಳೂರು ಸೇರಿದವರು. ಫೇಲಾದವರು, ಒಂಬತ್ತಕ್ಕೇ ಬಿಟ್ಟವರು, ಎಂಟನೇ ಕ್ಲಾಸಿನಲ್ಲೇ ಮದುವೆಯಾಗಿ ಹೋದ ಹುಡುಗಿಯರು ಎಲ್ಲಿ? ಎಸ್ಸೆಸ್ಸೆಲ್ಸಿ ಪಾಸಾದವರ ಪಟ್ಟಿ ಇಟ್ಟುಕೊಂಡು ಕರೆಯಬೇಡಿ, ಎಂಟನೇ ಕ್ಲಾಸಿನ ದಾಖಲಾತಿ ಪುಸ್ತಕ ನೋಡಿ ಕರೆಯಿರಿ. ಶಾಲೆಯಲ್ಲಿ ಅದು ಇರುತ್ತದೆ, ಮುಖ್ಯಶಿಕ್ಷಕರನ್ನು ಕೇಳಿ. ನಿಮ್ಮ ಕಾಲದಲ್ಲಿ ಸೈಕಲ್ ಯೋಜನೆ ಇರಲಿಲ್ಲ, ಅದು ಬಂದದ್ದು 2006-07ರಲ್ಲಿ. ನಾಲ್ಕೈದು ಕಿಲೋಮೀಟರ್ ನಡೆದು ಬರಬೇಕಿದ್ದ ಹುಡುಗಿಯರನ್ನು ಮನೆಯವರು ಏಳನೇ ಕ್ಲಾಸಿಗೇ ನಿಲ್ಲಿಸಿಬಿಡುತ್ತಿದ್ದರು. ಅಂಥ ಮನೆಗಳಿಗೆ ಸಂಜೆ ಹೋಗಿ, ಜಗಲಿ ಮೇಲೆ ಕೂತು, 'ಇನ್ನೊಂದು ವರ್ಷ ಕಳಿಸಿ ನೋಡಿ' ಅಂತ ಅಪ್ಪಂದಿರ ಜೊತೆ ವಾದ ಮಾಡಿ ಬಂದ ಶಿಕ್ಷಕರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಆ ಕೆಲಸ ಯಾವ ದಾಖಲೆಯಲ್ಲೂ ಇಲ್ಲ. ನೋಡ್ತಾ ಇರಿ, ನಿಮ್ಮ ಮೇಷ್ಟ್ರು ಬಂದ ತಕ್ಷಣ ಕೇಳುವುದು ರ‍್ಯಾಂಕ್ ಬಂದವರನ್ನಲ್ಲ, ಹೀಗೆ ಅರ್ಧಕ್ಕೆ ಬಿಟ್ಟವರನ್ನೇ. ಉತ್ತರ ಹೇಳಲು ಅವರೇ ಎದುರಿಗೆ ಇದ್ದರೆ ಎಷ್ಟು ಚೆಂದ!

ಶಿಕ್ಷಕರ ವಿಳಾಸ ಹುಡುಕುವುದು ಕಷ್ಟ ಅನಿಸಬಹುದು, ಅಷ್ಟೇನಲ್ಲ. ಒಬ್ಬರು ಸಿಕ್ಕರೆ ಅವರ ಹತ್ತಿರ ಇನ್ನಿಬ್ಬರ ನಂಬರ್ ಇರುತ್ತದೆ. ತಾಲ್ಲೂಕಿನ ನಿವೃತ್ತ ನೌಕರರ ಸಂಘದಲ್ಲಿ ಕೇಳಿ. ತೀರಿಕೊಂಡವರಿದ್ದರೆ ಅವರ ಹೆಂಡತಿಯನ್ನೋ ಗಂಡನನ್ನೋ ಮಕ್ಕಳನ್ನೋ ಕರೆಸಿ, ಬರೆದ ಪುಟಗಳನ್ನು ಅವರಿಗೆ ಕೊಡಿ.

ಒಂದು ಮಾತು ಬಿಚ್ಚಿ ಹೇಳಬೇಕು. ಗುರುವಂದನೆಯಲ್ಲಿ ಯಾರಾದರೂ ಎದ್ದು 'ಸಾರ್ ಬೆತ್ತದಲ್ಲಿ ಹೊಡೆದದ್ದಕ್ಕೇ ನಾವು ಉದ್ಧಾರ ಆದೆವು' ಅಂತ ಹೇಳಿ ನಗಿಸುವುದು ಮಾಮೂಲು. ದಯವಿಟ್ಟು ಅದನ್ನು ಬಿಡಿ. ಏಟಿಗೆ ಹೆದರಿ ಶಾಲೆ ಬಿಟ್ಟವರು ಆ ಸಭೆಯಲ್ಲಿ ಇರಬಹುದು. ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ನಿಷೇಧಿಸಿದೆ, ಈಗಿನ ಮಕ್ಕಳೂ ಅಲ್ಲೇ ಕೂತು ಕೇಳುತ್ತಿರುತ್ತಾರೆ. ನಿಮ್ಮ ಮೇಷ್ಟ್ರು ಒಳ್ಳೆಯವರಾಗಿದ್ದರೆ ಬೆತ್ತ ಹಿಡಿಯದೆ ಮಾಡಿದ ನೂರು ಕೆಲಸ ಇರುತ್ತವೆ, ಅವನ್ನು ಹೇಳಿ. ಹಾಗೆಯೇ, ಯಾರೋ ಒಬ್ಬ ಶಿಕ್ಷಕರಿಂದ ಜಾತಿ ಹೆಸರಿನಲ್ಲೋ ಬಡತನದ ಹೆಸರಿನಲ್ಲೋ ಅವಮಾನ ಆಗಿದ್ದ ಸಹಪಾಠಿ 'ನಾನು ಬರಲ್ಲ' ಅಂದರೆ ಒತ್ತಾಯ ಮಾಡಬೇಡಿ. ಅವರ ನೋವು ಅವರದು.

ಈಗ ದಿನ. ಸೆಪ್ಟೆಂಬರ್ 5ಕ್ಕೆ ಇಡಬೇಡಿ. ಅವತ್ತು ತಾಲ್ಲೂಕು, ಜಿಲ್ಲಾ ಮಟ್ಟದ ಶಿಕ್ಷಕರ ದಿನಾಚರಣೆ ಇರುತ್ತದೆ, ಸೇವೆಯಲ್ಲಿರುವವರು ಅಲ್ಲಿಗೆ ಹೋಗಬೇಕು. ಜನವರಿ ದಾಟಿದ ಮೇಲೂ ಬೇಡ, ಹತ್ತನೇ ಕ್ಲಾಸಿನವರಿಗೆ ಬೆಳಿಗ್ಗೆ ಸಂಜೆ ವಿಶೇಷ ತರಗತಿ, ಪೂರ್ವಸಿದ್ಧತಾ ಪರೀಕ್ಷೆ ಅಂತ ಶಾಲೆಯೇ ಉಸಿರು ಬಿಡದ ಕಾಲ. ದಸರಾ ರಜೆ ಒಳ್ಳೆಯದು. ಹೊರಗಿರುವವರೂ ಊರಿಗೆ ಬಂದಿರುತ್ತಾರೆ. ಶಾಲೆಯ ಆವರಣ ಬಳಸಲು ಮುಖ್ಯಶಿಕ್ಷಕರಿಗೂ ಎಸ್‌ಡಿಎಂಸಿಗೂ (ಶಾಲಾಭಿವೃದ್ಧಿ ಸಮಿತಿ) ಮೊದಲೇ ಪತ್ರ ಕೊಡಿ. ಕಲ್ಯಾಣ ಮಂಟಪಕ್ಕಿಂತ ಶಾಲೆಯಲ್ಲೇ ಮಾಡಿದರೆ ಚೆನ್ನ. ತಾವು ಪಾಠ ಮಾಡಿದ ಕೊಠಡಿಗೆ ಹೋಗಿ ಬೋರ್ಡ್ ಮುಟ್ಟಿ ನೋಡುವ ಆಸೆ ಎಲ್ಲರಿಗೂ ಇರುತ್ತದೆ.

ಕಾರ್ಯಕ್ರಮ ಎರಡು ಗಂಟೆ ಮೀರದಿರಲಿ. ನಿಮ್ಮ ಶಿಕ್ಷಕರಲ್ಲಿ ಬಹಳ ಜನ 65 ದಾಟಿದವರು, ಸಕ್ಕರೆ ಕಾಯಿಲೆ ಇರುವವರು ಇರಬಹುದು, ಮೊಣಕಾಲು ನೋವಂತೂ ಇದ್ದೇ ಇರುತ್ತದೆ. ವೇದಿಕೆಗೆ ಮೂರಡಿ ಎತ್ತರದ ಅಲುಗಾಡುವ ಮೆಟ್ಟಿಲು ಇಟ್ಟು, ಕೂತರೆ ಏಳಲಾಗದ ಮೆತ್ತನೆ ಸೋಫಾ ಹಾಕಿ, ಮಧ್ಯಾಹ್ನ ಮೂರಕ್ಕೆ ಊಟ ಕೊಡುವ ಸನ್ಮಾನಗಳನ್ನು ನೋಡಿದ್ದೇನೆ. ಕೈಯಿರುವ ಗಟ್ಟಿ ಕುರ್ಚಿ ಹಾಕಿ. ವೇದಿಕೆ ಇಲ್ಲದಿದ್ದರೂ ನಡೆಯುತ್ತದೆ, ಎಲ್ಲರೂ ಸುತ್ತ ಕೂತರೆ ಇನ್ನೂ ಚೆನ್ನ. ಒಬ್ಬ ಶಿಕ್ಷಕರಿಗೆ ಒಬ್ಬ ವಿದ್ಯಾರ್ಥಿ ಜವಾಬ್ದಾರಿ ತೆಗೆದುಕೊಳ್ಳಲಿ. ಮನೆಯಿಂದ ಕಾರಿನಲ್ಲಿ ಕರೆತರುವುದು, ಶೌಚಾಲಯ ತೋರಿಸುವುದು, ಮಾತ್ರೆ ಹೊತ್ತಿಗೆ ಊಟ, ವಾಪಸ್ ಮನೆ ಬಾಗಿಲ ತನಕ. ರಾಜಕಾರಣಿಗಳನ್ನು ಕರೆಯಬೇಡಿ ಅಂತಲೇ ನನ್ನ ಸಲಹೆ. ಅವರು ಬರುವವರೆಗೆ ಕಾಯಬೇಕು, ಬಂದ ಮೇಲೆ ಅವರದೇ ಕಾರ್ಯಕ್ರಮ ಆಗುತ್ತದೆ.

ಸೇವೆಯಲ್ಲಿರುವ ಸರ್ಕಾರಿ ಶಿಕ್ಷಕರ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಸರ್ಕಾರಿ ನೌಕರರ ನಡತೆ ನಿಯಮಗಳ ಪ್ರಕಾರ ಸಾರ್ವಜನಿಕ ಸನ್ಮಾನಕ್ಕೂ ಬೆಲೆಬಾಳುವ ಉಡುಗೊರೆಗೂ ಕಟ್ಟುಪಾಡುಗಳಿವೆ. ಆ ವಿಜ್ಞಾನ ಶಿಕ್ಷಕಿಗೆ ಚಿನ್ನದ ಉಂಗುರ, ನಗದು ಅಂತೆಲ್ಲ ಕೊಟ್ಟು ತೊಂದರೆಗೆ ಸಿಕ್ಕಿಸಬೇಡಿ. ಮುಖ್ಯಶಿಕ್ಷಕರ ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ತಿಳಿಸಿ, ಅನುಮತಿ ಪಡೆದು ಮಾಡಿ. ನಿವೃತ್ತರಿಗೆ ಈ ತೊಡಕಿಲ್ಲ. ಆದರೆ ಅವರಿಗೆ ಹಣ ಕೊಡುವುದಾದರೆ ಒಂದು ತೆರಿಗೆ ಲೆಕ್ಕ ನೆನಪಿರಲಿ: ಸಂಬಂಧಿಕರಲ್ಲದವರಿಂದ ಒಂದು ಹಣಕಾಸು ವರ್ಷದಲ್ಲಿ ಬಂದ ಹಣದ ಉಡುಗೊರೆ ಒಟ್ಟು 50,000 ರೂಪಾಯಿ ದಾಟಿದರೆ ಅಷ್ಟೂ ಮೊತ್ತವನ್ನು ಆದಾಯ ಅಂತ ತೋರಿಸಬೇಕಾಗುತ್ತದೆ.

ಪ್ರಶಸ್ತಿ ಬಗ್ಗೆ ಕೇಳಿದ್ದೀರಿ. ರಾಷ್ಟ್ರೀಯ ಶಿಕ್ಷಕರ ಪ್ರಶಸ್ತಿ ಶುರುವಾದದ್ದು 1958ರಲ್ಲಿ. 2018ರಲ್ಲಿ ನಿಯಮಗಳು ಪೂರ್ತಿ ಬದಲಾದವು. ಈಗ ಶಿಕ್ಷಕರೇ ಕೇಂದ್ರದ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಮಾಡಿದ ಕೆಲಸದ ದಾಖಲೆ, ಫೋಟೋ, ವಿಡಿಯೋ ಎಲ್ಲ ಸೇರಿಸಬೇಕು. ಜಿಲ್ಲಾ ಸಮಿತಿ, ರಾಜ್ಯ ಸಮಿತಿ ದಾಟಿ ಕೊನೆಗೆ ರಾಷ್ಟ್ರಮಟ್ಟದ ತೀರ್ಪುಗಾರರ ಮುಂದೆ ಹೋಗುತ್ತದೆ. ಗೆದ್ದವರಿಗೆ ಬೆಳ್ಳಿ ಪದಕ, ಪ್ರಶಸ್ತಿ ಪತ್ರ ಮತ್ತು 50,000 ರೂಪಾಯಿ. ಖಾಸಗಿ ಟ್ಯೂಷನ್ ಮಾಡುವವರಿಗೆ ಅವಕಾಶ ಇಲ್ಲ, ಅದು ಸರಿಯೇ. ಗುತ್ತಿಗೆ ಮೇಲೆ ಇರುವವರಿಗೂ ಇಲ್ಲ. ಇದು ನನಗೆ ನೋವು ಕೊಡುವ ವಿಷಯ, ಏಕೆಂದರೆ ನಮ್ಮ ಎಷ್ಟೋ ಪ್ರೌಢಶಾಲೆಗಳಲ್ಲಿ ಗಣಿತ, ಇಂಗ್ಲಿಷ್ ಪಾಠ ನಡೆಯುತ್ತಿರುವುದೇ ಅತಿಥಿ ಶಿಕ್ಷಕರಿಂದ. ರಾಜ್ಯ ಪ್ರಶಸ್ತಿಗೆ ಆಯಾ ವರ್ಷದ ಸುತ್ತೋಲೆ ಬರುತ್ತದೆ, ಬಿಇಒ ಕಚೇರಿಯಲ್ಲಿ ಕೇಳಿದರೆ ಸಿಗುತ್ತದೆ.

ಅಂದರೆ ನೀವು ಹೊರಗಿನಿಂದ ಪ್ರಶಸ್ತಿ ಕೊಡಿಸಲಾಗುವುದಿಲ್ಲ, ಶಿಫಾರಸಿಗೆ ಓಡಾಡಲೂ ಬೇಡಿ. ಮಾಡಬಹುದಾದದ್ದು ಬೇರೆ ಇದೆ. ಕೆಲಸದಲ್ಲಿ ಮುಳುಗಿರುವವರಿಗೆ ಅದನ್ನು ಬರೆದಿಡಲು ಹೊತ್ತಿರುವುದಿಲ್ಲ, ಫೋಟೋ ತೆಗೆಸಿಕೊಳ್ಳುವ ಬುದ್ಧಿಯೂ ಇರುವುದಿಲ್ಲ. ನಿಮ್ಮ ಬ್ಯಾಚಿನಲ್ಲಿ ಕಂಪ್ಯೂಟರ್ ಬಲ್ಲ ಒಬ್ಬರು ಅವರ ಒಪ್ಪಿಗೆ ಪಡೆದು, ವರ್ಷದಲ್ಲಿ ಕೆಲವು ಶನಿವಾರ ಕೂತು, ಅವರು ಮಾಡಿಸಿದ ಪ್ರಯೋಗಗಳು, ವಿಜ್ಞಾನ ಮೇಳಕ್ಕೆ ಹೋದ ಮಕ್ಕಳು, ಶಾಲೆ ಬಿಟ್ಟು ಮರಳಿ ಬಂದ ಮಕ್ಕಳು, ಇವನ್ನೆಲ್ಲ ದಾಖಲೆ ಮಾಡಿಕೊಡಲಿ. ಅರ್ಜಿ ಹಾಕುವುದು ಬಿಡುವುದು ಅವರ ಇಷ್ಟ. ಆ ಕಡತ ಮುಂದಿನ ಶಿಕ್ಷಕರಿಗಾದರೂ ದಾರಿ ತೋರಿಸುತ್ತದೆ.

ಫಲಿತಾಂಶದ ಶೇಕಡಾವಾರು ನೋಡಿ ಶಿಕ್ಷಕರನ್ನು ಅಳೆಯಬೇಡಿ ಅಂತ ಕೂಡ ಹೇಳಿಬಿಡುತ್ತೇನೆ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ನೇರ ನಿಗಾ) ಬಂದ ವರ್ಷ ಅದು ಶೇ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಶಿಕ್ಷಕರೆಲ್ಲ ಪಾಠ ಮಾಡುವುದನ್ನು ಮರೆತರಾ? ಇಲ್ಲ. ಅಂಕಿ ಹೇಳುವುದು ಸ್ವಲ್ಪ, ಹೇಳದೆ ಬಿಡುವುದು ಜಾಸ್ತಿ. ಎಂಟನೇ ಕ್ಲಾಸಿಗೆ ಬರುವಾಗ ಒಂದು ವಾಕ್ಯ ನೆಟ್ಟಗೆ ಓದಲು ಬಾರದ ಹುಡುಗನನ್ನು ಹತ್ತನೇ ಕ್ಲಾಸಿನಲ್ಲಿ ಪಾಸಾಗುವಷ್ಟು ಅಂಕಕ್ಕೆ ತಂದು ನಿಲ್ಲಿಸಿದ ಟೀಚರ್ ಪಟ್ಟ ಪಾಡು, 625ಕ್ಕೆ 620 ತೆಗೆದವರ ಫ್ಲೆಕ್ಸಿನಲ್ಲಿ ಕಾಣುವುದಿಲ್ಲ.

ಇನ್ನು ದುಡ್ಡು. ನನ್ನನ್ನು ಕೇಳಿದರೆ 2 ಲಕ್ಷದಲ್ಲಿ ಕಾರ್ಯಕ್ರಮಕ್ಕೆ 60-70 ಸಾವಿರ ಸಾಕು. ಊಟ, ಓಡಾಟ, ಶಾಮಿಯಾನ, ಪುಸ್ತಕದ ಬೈಂಡು, ಅಷ್ಟರೊಳಗೆ ಮುಗಿಸಿ. ಹಣ್ಣಿನ ಬುಟ್ಟಿ, ದೊಡ್ಡ ದೊಡ್ಡ ಗಾಜಿನ ಸ್ಮರಣಿಕೆ ಬೇಡ. ಮನೆಯಲ್ಲಿ ಇಡಲು ಜಾಗ ಇರುವುದಿಲ್ಲ. ಉಳಿದದ್ದರಲ್ಲಿ ಮೊದಲು ಒಂದು ಸಣ್ಣ ಪಾಲು ಎತ್ತಿಡಿ. ಖಾಸಗಿ ಶಾಲೆಯಲ್ಲೋ ಅರೆಕಾಲಿಕವಾಗಿಯೋ ದುಡಿದು ಪಿಂಚಣಿ ಇಲ್ಲದೆ ಇರುವ ಶಿಕ್ಷಕರು ನಿಮ್ಮ ಪಟ್ಟಿಯಲ್ಲಿ ಇರಬಹುದು, ಕಣ್ಣಿನ ಆಪರೇಷನ್ ಮುಂದೂಡುತ್ತಾ ಬಂದಿರಬಹುದು. ಮನೆಗೆ ಹೋದಾಗ ನಿಮಗೇ ತಿಳಿಯುತ್ತದೆ. ಅಂಥ ಸಹಾಯ ಇಬ್ಬರು ಮೂವರಿಗೆ ಗೊತ್ತಿದ್ದರೆ ಸಾಕು, ಮೈಕಿನಲ್ಲಿ ಹೇಳಬೇಡಿ.

ಮಿಕ್ಕ 1 ಲಕ್ಷ ಶಾಲೆಗೆ. ನಮ್ಮಲ್ಲಿ ಇದಕ್ಕೆ ಒಳ್ಳೆಯ ಮಾದರಿ ಇದೆ. ಎಚ್. ನರಸಿಂಹಯ್ಯನವರು 1935ರಲ್ಲಿ ಬಸ್ಸಿಗೆ ದುಡ್ಡಿಲ್ಲದೆ ಗೌರಿಬಿದನೂರು ಬಳಿಯ ಹೊಸೂರಿನಿಂದ ಬೆಂಗಳೂರಿಗೆ ನಡೆದೇ ಬಂದು ನ್ಯಾಷನಲ್ ಹೈಸ್ಕೂಲ್ ಸೇರಿದವರು. ಅವರ ಊರಿನಲ್ಲಿ ಆಗ ಹೈಸ್ಕೂಲ್ ಇರಲಿಲ್ಲ. ಮುಂದೆ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, ಹೊಸೂರಿನಲ್ಲಿ ಹೈಸ್ಕೂಲ್ ಬರುವಂತೆಯೂ ಮಾಡಿದರು. ತನಗೆ ಕಲಿಸಿದವರ ಋಣವನ್ನು ಮುಂದಿನ ಮಕ್ಕಳ ಕೈಗೆ ದಾಟಿಸುವುದು ಅಂದರೆ ಇದೇ.

ನಿಮ್ಮ ಮಟ್ಟದಲ್ಲಿ ಹೇಗೆ? ಸಾಮಾನ್ಯವಾಗಿ ಎಲ್ಲರೂ ದತ್ತಿ ನಿಧಿ ಇಟ್ಟು ಹೆಚ್ಚು ಅಂಕ ತೆಗೆದವರಿಗೆ ಬಹುಮಾನ ಕೊಡುತ್ತಾರೆ. ತಪ್ಪಲ್ಲ, ಆದರೆ ಆ ಮಗುವಿಗೆ ಹತ್ತು ಕಡೆ ಬಹುಮಾನ ಸಿಗುತ್ತದೆ. 1 ಲಕ್ಷಕ್ಕೆ ಶೇ 7 ಬಡ್ಡಿ ಅಂದುಕೊಂಡರೂ ವರ್ಷಕ್ಕೆ 7,000 ರೂಪಾಯಿ. ಅದನ್ನು ಗಣಿತದ ಮೇಷ್ಟ್ರ ಹೆಸರಿನಲ್ಲಿ, ಒಂಬತ್ತರಿಂದ ಹತ್ತಕ್ಕೆ ಬರುವಾಗ ಗಣಿತದಲ್ಲಿ ಎಲ್ಲರಿಗಿಂತ ಜಾಸ್ತಿ ಸುಧಾರಿಸಿದ ಒಂದಿಬ್ಬರು ಮಕ್ಕಳಿಗೆ ಕೊಡಿ. ಕನ್ನಡ ಟೀಚರ್ ಹೆಸರಿನಲ್ಲಿ ಪ್ರತಿ ವರ್ಷ ಒಂದಷ್ಟು ಕಥೆ ಪುಸ್ತಕ ತರಿಸಿ. ಪುಸ್ತಕ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂರದೆ ಮಕ್ಕಳ ಮನೆಗೆ ಹೋಗಲಿ ಅಂತ ಷರತ್ತು ಹಾಕಿ. ಹಣ ಯಾರದೋ ಸ್ವಂತ ಖಾತೆಯಲ್ಲಿ ಇಡಬೇಡಿ. ಶಾಲೆಯ ಹೆಸರಿನಲ್ಲಿ ಠೇವಣಿ ಇಟ್ಟು, ಬಡ್ಡಿ ಯಾವುದಕ್ಕೆ ಬಳಸಬೇಕು ಅಂತ ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ಬರೆಸಿ, ಒಂದು ಪ್ರತಿ ನೀವು ಇಟ್ಟುಕೊಳ್ಳಿ. ಮುಖ್ಯಶಿಕ್ಷಕರು ವರ್ಗವಾದರೂ ಆಗ ಕೆಲಸ ನಿಲ್ಲುವುದಿಲ್ಲ.

ವಿಜ್ಞಾನ ಶಿಕ್ಷಕಿಗೆ ಏನು ಬೇಕು ಅಂತ ಅವರನ್ನೇ ಕೇಳಿ. ನಿಮಗೆ ಸ್ಮಾರ್ಟ್ ಬೋರ್ಡ್ ಕೊಡಿಸುವ ಆಸೆ ಇರಬಹುದು, ಅವರಿಗೆ ಬೇಕಿರುವುದು ಬ್ಯೂರೆಟ್, ಪ್ರಿಸಂ, ಮಸೂರ, ಲಿಟ್ಮಸ್ ಕಾಗದ, ನೀರು ಬರುವ ಒಂದು ಸಿಂಕ್ ಇರಬಹುದು. ಸೇವೆಯಲ್ಲಿರುವ ಶಿಕ್ಷಕರಿಗೆ ಅವರ ಕೆಲಸಕ್ಕೆ ಬೇಕಾದ್ದನ್ನು ಒದಗಿಸುವುದಕ್ಕಿಂತ ದೊಡ್ಡ ಗೌರವ ಇನ್ನೊಂದಿಲ್ಲ ಅಂತ ನಾನು ನಂಬಿದ್ದೇನೆ. ವರ್ಷಕ್ಕೊಮ್ಮೆ ನಿಮ್ಮಲ್ಲಿ ಯಾರಾದರೂ ಹೋಗಿ ಅವರ ತರಗತಿಯಲ್ಲಿ ಮಕ್ಕಳ ಜೊತೆ ಒಂದು ಗಂಟೆ ಮಾತಾಡಿ ಬನ್ನಿ. ನರ್ಸ್ ಆದವರು, ಮೆಕ್ಯಾನಿಕ್ ಆದವರು, ತೋಟ ಮಾಡಿದವರು, ಯಾರಾದರೂ ಸರಿ.

ಕೊನೆಗೆ ಎಲ್ಲಕ್ಕಿಂತ ಅವಸರದ್ದು. ಮೇಷ್ಟ್ರಿಗೆ 78 ಅಂದಿರಿ. ದಸರಾ ತನಕ ಕಾಯಬೇಡಿ. ಬರುವ ಭಾನುವಾರವೇ ಇಬ್ಬರು ಅವರ ಮನೆಗೆ ಹೋಗಿ, ಗುಂಪಾಗಿ ಬೇಡ. ಹೆಸರು ಹೇಳಿ, ಯಾವ ಬೆಂಚಿನಲ್ಲಿ ಕೂರುತ್ತಿದ್ದಿರಿ ಅಂತ ಹೇಳಿ, ಪಕ್ಕದಲ್ಲಿ ಕೂತು ಅವರು ಹೇಳುವುದನ್ನು ಕೇಳಿ. ಪ್ರಯಾಣ ಮಾಡಲು ಆಗುತ್ತದಾ, ಯಾವ ಹೊತ್ತಿಗೆ ಆರಾಮ, ಊಟದಲ್ಲಿ ಏನು ಬಿಟ್ಟಿದ್ದಾರೆ, ಮನೆಯವರ ಹತ್ತಿರ ಕೇಳಿಕೊಳ್ಳಿ. ಬರಲಾಗದ ಸ್ಥಿತಿ ಇದ್ದರೆ ಅವರ ಮನೆಯ ಹಜಾರದಲ್ಲೇ ಹತ್ತು ಜನ ಸೇರಿ ಆ ಪುಟಗಳನ್ನು ಓದಿ. ಕಾರ್ಯಕ್ರಮದ ದಿನವನ್ನು ಅವರ ಆರೋಗ್ಯ ನೋಡಿಕೊಂಡು ಆಮೇಲೆ ಗೊತ್ತು ಮಾಡಿ.